ಚೌತಿಯ ಹಿಂದಿನ ಸಂಜೆ ಮುರಿದ ಗಣಪ್ಪನ ಕೈ: ಎಂ-ಸೀಲ್ ಇಲ್ಲದ ರಿಪೇರಿ

ಏನೇನು ಹಾಳಾಗಿತ್ತು ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. ಮೂರು ಅಡಿಯ ಗಣಪ್ಪ, ಸುಡದ ಮಣ್ಣು, ಬಣ್ಣ ಪೂರ್ತಿ ಆಗಿತ್ತು. ಮುಂದಿನ ಬಲಗೈ, ಅಂದರೆ ಆಶೀರ್ವಾದದ ಕೈ, ಮಣಿಕಟ್ಟಿನಿಂದ ಎರಡು ಬೆರಳು ಮೇಲೆ ಮುರಿದಿತ್ತು. ಅಂಗೈ ಒಂದು ತುಂಡು, ಹೆಬ್ಬೆರಳು ಇನ್ನೊಂದು ತುಂಡು, ನಡುಬೆರಳು ಮತ್ತು ಉಂಗುರ ಬೆರಳಿನ ತುದಿ ಪುಡಿಪುಡಿ. ಸೊಂಡಿಲು ತಿರುಗುವ ಕಡೆ ಒಂದು ಕೂದಲೆಳೆ ಬಿರುಕು. ಎಡ ಭುಜದ ಮೇಲೆ ಮಳೆ ನೀರು ಹರಿದು ಶಲ್ಯದ ಕೆಂಪು ಬಣ್ಣ ಮೊಣಕೈವರೆಗೆ ಇಳಿದಿತ್ತು. ಮರುದಿನ ಬೆಳಿಗ್ಗೆಯೇ ಮೂರ್ತಿ ಮಂಟಪದಲ್ಲಿ ಕೂರಬೇಕು.

ನಾನು ಮೂರ್ತಿ ಮಾಡುವ ಶೆಡ್ಡು ಧಾರವಾಡದಲ್ಲಿದೆ, ಮೇಲೆ ತಗಡಿನ ಪತ್ರಾಸು. ಮೂರ್ತಿ ಹೋಗಬೇಕಿದ್ದು ಹಳೇ ಹುಬ್ಬಳ್ಳಿಯ ಒಂದು ಓಣಿಗೆ. ಮಂಡಳಿಯ ಹುಡುಗರು ಟೆಂಪೋ ತಂದಿದ್ದರು. ಎತ್ತಿಟ್ಟು, ಪ್ಲಾಸ್ಟಿಕ್ ಹೊದಿಸಿ, ಜೈಕಾರ ಹಾಕಿ ಹೊರಟೂ ಬಿಟ್ಟರು. ನಮ್ಮ ಶೆಡ್ಡಿನ ಓಣಿಯ ತುದಿಯಲ್ಲಿ ಒಂದು ಹಂಪ್ ಇದೆ, ಅಲ್ಲಿ ಗಾಡಿ ಜಿಗಿದು ಗಣಪ್ಪನ ಕೈ ಟೆಂಪೋದ ಕಬ್ಬಿಣದ ಪಟ್ಟಿಗೆ ಬಡಿಯಿತು, ಅದೇ ಜಿಗಿತಕ್ಕೆ ಪ್ಲಾಸ್ಟಿಕ್ ಕೂಡ ಜಾರಿತು, ಹೊರಗೆ ಜಿಟಿಜಿಟಿ ಮಳೆ ಬೇರೆ. ಒಬ್ಬ ಹುಡುಗ ಓಡಿ ಬಂದು "ಸರ, ಕೈ ಮುರಿತ್ರಿ" ಅಂದ. ನಾನು ಅವನ ಕೈ ನೋಡಿದೆ.

ಗಾಡಿ ವಾಪಸ್ ಬಂತು. ಮೂರ್ತಿ ಇಳಿಸುವ ಮೊದಲೇ ಸಲಹೆ ಶುರು. "ಎಂ-ಸೀಲ್ ಹಚ್ಚಿಬಿಡ್ರಿ ಸರ, ಹತ್ತ ನಿಮಿಷದ ಕೆಲಸ." ಇನ್ನೊಬ್ಬನ ಕಿಸೆಯಲ್ಲಿ ಫೆವಿಕ್ವಿಕ್ ಇತ್ತು. ಯಾಕೆ ಬೇಡ ಅಂತ ಅಲ್ಲೇ ಹೇಳಿದೆ, ಇಲ್ಲೂ ಹೇಳುತ್ತೇನೆ, ಯಾಕೆಂದರೆ ಪ್ರತಿ ವರ್ಷ ಇದೇ ಮಾತು ಬರುತ್ತದೆ.

ಫೆವಿಕ್ವಿಕ್ ತೆಳ್ಳಗಿನ ಅಂಟು. ಒಣಗಿದ ಮಣ್ಣು ಅದನ್ನು ಹನಿ ಹಾಕಿದ ಕೂಡಲೇ ಕುಡಿದುಬಿಡುತ್ತದೆ, ಜೋಡಿಯಲ್ಲಿ, ಅಂದರೆ ಎರಡು ತುಂಡು ಕೂಡುವ ಕಡೆ, ಏನೂ ಉಳಿಯುವುದಿಲ್ಲ. ಎಂ-ಸೀಲ್ ಅಂದರೆ ಕಲಸಿ ಹಚ್ಚುವ ಎಪಾಕ್ಸಿ ಮುದ್ದೆ, ಗಟ್ಟಿಯಾಗಿ ಹಿಡಿಯುತ್ತದೆ, ಸುಳ್ಳಲ್ಲ. ಆದರೆ ಅದು ಮಣ್ಣಿಗಿಂತ ಎಷ್ಟೋ ಪಟ್ಟು ಗಟ್ಟಿ. ಮತ್ತೆ ಒಂದು ಏಟು ಬಿದ್ದರೆ ಜೋಡಿ ಹಾಗೇ ಇರುತ್ತದೆ, ಅದರ ಪಕ್ಕದ ಮಣ್ಣು ಮುರಿಯುತ್ತದೆ. ಹಳೆಯ ಚಿತ್ರ, ಮೂರ್ತಿ ರಿಪೇರಿ ಮಾಡುವ ಮ್ಯೂಸಿಯಂ ಮಂದಿಯ ಲೆಕ್ಕವೂ ಇದೇ: ಅಂಟು ವಸ್ತುವಿಗಿಂತ ಗಟ್ಟಿ ಇರಬಾರದು, ಬೇಕಾದಾಗ ಬಿಡಿಸಲು ಬರಬೇಕು. ಅವರಿಗೆ ನೂರಾರು ವರ್ಷ ಬಾಳಿಕೆ ಬೇಕು. ನನಗೆ ಬೇಕಾದದ್ದು ಏಳು ದಿನ. ಏಳನೆಯ ದಿನ ಆ ಕೈ ನೀರಿನಲ್ಲಿ ಕರಗಲೇಬೇಕು.

ಇದು ಸಣ್ಣ ಮಾತಲ್ಲ. ಹುಬ್ಬಳ್ಳಿಯಲ್ಲಿ ಸಾರ್ವಜನಿಕ ಗಣಪತಿಗಳು ಹೊಸೂರು ಬಾವಿಗೋ ಇಂದಿರಾ ಗಾಜಿನ ಮನೆ ಹತ್ತಿರದ ಬಾವಿಗೋ ಹೋಗುತ್ತವೆ. ಬಾವಿ ಅಂದರೆ ಹರಿಯುವ ನೀರಲ್ಲ, ಬಿದ್ದದ್ದು ಯಾರಾದರೂ ಎತ್ತುವವರೆಗೆ ಅಲ್ಲೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿಯಲ್ಲಿ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬೇಡ, ಮಣ್ಣಿನಂಥ ಸಹಜ ಸಾಮಗ್ರಿಯಲ್ಲೇ ಮಾಡಿ ಅಂತ ಸ್ಪಷ್ಟವಾಗಿ ಇದೆ. ಮಣ್ಣಿನ ಮೂರ್ತಿ ಅಂತ ಹೇಳಿ ದುಡ್ಡು ತೆಗೆದುಕೊಂಡು, ಒಳಗೆ ಎಪಾಕ್ಸಿ ತುಂಬಿ ಕೊಡುವುದು ನನಗೆ ಸರಿ ಅನ್ನಿಸುವುದಿಲ್ಲ.

ಮಂಡಳಿಯ ಹಿರಿಯರೊಬ್ಬರ ಚಿಂತೆ ಬೇರೆಯೇ. "ಭಿನ್ನ ಆದ ಮೂರ್ತಿ ಕೂಡಸಬಹುದೇನ್ರಿ?" ಅಂತ ಕೇಳಿದರು. ಪ್ರಾಣ ಪ್ರತಿಷ್ಠಾಪನೆ ಇನ್ನೂ ಆಗಿಲ್ಲ, ಅಲ್ಲಿಯವರೆಗೆ ಇದು ನನ್ನ ಕೈಯಲ್ಲಿರುವ ಮಣ್ಣು, ತಿದ್ದಬಹುದು ಅಂದೆ. ಅವರು ತಮ್ಮ ಭಟ್ಟರಿಗೆ ಫೋನ್ ಹಚ್ಚಿ ಕೇಳಿದರು. ಭಟ್ಟರೂ ಅದನ್ನೇ ಹೇಳಿದರಂತೆ, ಆದರೆ ಜೋಡಿ ಕಾಣಬಾರದು ಅಂದರಂತೆ. ಅಲ್ಲಿಗೆ ನನ್ನ ಕೆಲಸ ಏನು ಅಂತ ಗೊತ್ತಾಯಿತು.

ಸಂಜೆ: ಚೂರು ಆರಿಸುವುದು

ಮೊದಲ ಕೆಲಸ ಟೆಂಪೋದ ತಳ ಗುಡಿಸುವುದು. ತಮಾಷೆ ಅಲ್ಲ. ಒಂದು ಬಿಳಿ ಪಂಚೆ ಹಾಸಿ, ಬಿದ್ದ ಚೂರು, ಪುಡಿ ಎಲ್ಲಾ ಅದರ ಮೇಲೆ ಸುರಿದೆ. ದೊಡ್ಡ ತುಂಡು ಒಂದು ಕಡೆ, ಬಣ್ಣ ಹತ್ತಿದ ಚಕ್ಕೆ ಇನ್ನೊಂದು ಕಡೆ, ಉಳಿದ ಪುಡಿಯನ್ನು ಚಹಾ ಜರಡಿಯಲ್ಲಿ ಸೋಸಿ ಡಬ್ಬಿಗೆ. ಈ ಪುಡಿ ಬಂಗಾರ ಇದ್ದ ಹಾಗೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ಬಣ್ಣದ ಚಕ್ಕೆಗಳೂ ಬೇಕು, ಬಣ್ಣ ಹೊಂದಿಸುವಾಗ.

ಆಮೇಲೆ ಮುರಿದ ಬಾಯಿ, ಅಂದರೆ ತೋಳು ಮುರಿದ ಕಡೆಯ ಮೇಲ್ಮೈ, ನೋಡಿದೆ. ಹೊರಗಿನ ಅರ್ಧ ಇಂಚು ತಿಳಿ ಬೂದು ಬಣ್ಣ, ನಡುವೆ ನಾಲ್ಕಾಣೆಯಷ್ಟು ಜಾಗ ಗಾಢ. ಗಾಢ ಅಂದರೆ ಒಳಗೆ ಇನ್ನೂ ಹಸಿ ಇದೆ. ಕುಂಬಾರರು ಮಡಿಕೆಯನ್ನು ಕೆನ್ನೆಗೆ ತಾಗಿಸಿ ನೋಡುತ್ತಾರಲ್ಲ, ಹಾಗೆ ಅಂಗೈ ತುಂಡನ್ನು ಕೆನ್ನೆಗೆ ಇಟ್ಟೆ. ತಣ್ಣಗಿದ್ದರೆ ನೀರು ಇನ್ನೂ ಆರುತ್ತಿದೆ ಅಂತ ಅರ್ಥ. ಅಂಗೈ ಬೆಚ್ಚಗಿತ್ತು, ಅಂದರೆ ಒಣಗಿದೆ. ಮೂರ್ತಿಯ ಕಡೆಯ ತೋಳು ತಣ್ಣಗಿತ್ತು. ಈ ಸಲದ ಶ್ರಾವಣದಲ್ಲಿ ಧಾರವಾಡದಲ್ಲಿ ಒಗೆದ ಬಟ್ಟೆಯೇ ಒಣಗುತ್ತಿರಲಿಲ್ಲ, ಇನ್ನು ತೋಳಿನ ಒಡಲು ಹೇಗೆ ಒಣಗೀತು. ಟೇಬಲ್ ಫ್ಯಾನ್ ಅನ್ನು ಮೂರು ಅಡಿ ದೂರ ಇಟ್ಟು ತೋಳಿನ ಕಡೆ ತಿರುಗಿಸಿದೆ. ಹೇರ್ ಡ್ರೈಯರ್ ಇತ್ತು, ತೆಗೆಯಲಿಲ್ಲ. ಅದು ಮೇಲಿನ ಪದರವನ್ನಷ್ಟೇ ಬೇಗ ಒಣಗಿಸುತ್ತದೆ, ಮೇಲಿನದು ಕುಗ್ಗಿ ಒಳಗಿನದು ಹಾಗೇ ಇದ್ದರೆ ಹೊಸ ಬಿರುಕು ಗ್ಯಾರಂಟಿ.

ಭುಜದ ಮೇಲಿನ ನೀರಿಗೆ ಏನೂ ಮಾಡಲಿಲ್ಲ. ಒಬ್ಬ ಹುಡುಗ ಅರಿವೆ ತೆಗೆದುಕೊಂಡು ಒರೆಸಲು ಹೋದ, ತಡೆದೆ. ತೊಯ್ದ ಮಣ್ಣನ್ನು ಒರೆಸಿದರೆ ಬಣ್ಣದ ಜೊತೆ ಭುಜದ ಆಕಾರವೂ ಬರುತ್ತದೆ. ಪೇಪರ್ ಅನ್ನು ಮೆಲ್ಲಗೆ ಇಟ್ಟು ನೀರು ಹೀರಿಸಿ, ಹಾಗೇ ಬಿಟ್ಟೆ.

ಹಸಿ ಮಣ್ಣಿನಿಂದ ಯಾಕೆ ಆಗುವುದಿಲ್ಲ

"ಮಣ್ಣಿಂದು ಅಲ್ರಿ, ಮಣ್ಣ ಹಚ್ಚಿದ್ರ ಆತು" ಅಂತ ಯಾರಿಗಾದರೂ ಅನ್ನಿಸುತ್ತದೆ. ಆಗುವುದಿಲ್ಲ. ಹಸಿ ಮಣ್ಣು ಒಣಗುವಾಗ ಕುಗ್ಗುತ್ತದೆ, ಮಣ್ಣಿನ ಜಾತಿ ನೋಡಿ ನೂರಕ್ಕೆ ಐದರಿಂದ ಎಂಟರಷ್ಟು. ಒಣ ತೋಳು ಆಗಲೇ ಕುಗ್ಗಿ ನಿಂತಿದೆ. ಅದರ ಮೇಲೆ ಹಸಿ ಮಣ್ಣು ಮೆತ್ತಿದರೆ, ಒಣ ಭಾಗ ಅದರ ನೀರನ್ನು ಎಳೆದುಕೊಳ್ಳುತ್ತದೆ, ಹೊಸದು ಕುಗ್ಗುತ್ತದೆ, ಜೋಡಿಯ ಸುತ್ತ ಉಂಗುರದ ಹಾಗೆ ಬಿರುಕು ಬಂದು ತುಂಡು ಬೆಳಗಾಗುವುದರೊಳಗೆ ಕಳಚಿ ಬೀಳುತ್ತದೆ. ಹುಬ್ಬಳ್ಳಿಯಿಂದ ಗದಗಿನ ಕಡೆ ಹೋದರೆ ಸಿಗುವ ಎರೆಮಣ್ಣಂತೂ ಕೇಳಲೇಬೇಡಿ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದು ನೋಡಿದ್ದೀರಲ್ಲ. ಅದಕ್ಕೇ ನಾನು ಖಾನಾಪುರ ಕಡೆಯ ಜೇಡಿ ತರಿಸುತ್ತೇನೆ. ಅಲ್ಲಿ ಕುಂಬಾರಿಕೆ ಕಲಿಸುವ ಕೇಂದ್ರದ ಸಂಸ್ಥೆಯೇ ಇದೆ, ಮಣ್ಣು ಹದವಾಗಿರುತ್ತದೆ. ಆದರೂ ಕುಗ್ಗುವುದು ಕುಗ್ಗುವುದೇ.

ದಾರಿ ಎರಡು. ಒಂದು, ಕಡಿಮೆ ನೀರು ಬಳಸುವುದು. ಎರಡು, ಮಣ್ಣಿಗೆ ನಾರು ಸೇರಿಸುವುದು. ನಾರು ಇದ್ದರೆ ಅದು ಎಳೆದು ಹಿಡಿಯುತ್ತದೆ, ಒಣ ಮಣ್ಣಿಗೂ ಒಣ ಮಣ್ಣಿಗೂ ಜೋಡಿ ಕೂರುತ್ತದೆ. ಇಲ್ಲಿ ಆ ಸೋಸಿದ ಪುಡಿ ಬೇಕು. ಅದು ಅದೇ ಮೂರ್ತಿಯ ಮಣ್ಣು, ಅದೇ ಬಣ್ಣ, ಒಣಗಿದ ಮೇಲೆ ಬೇರೆ ಥರ ಕಾಣುವುದಿಲ್ಲ.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ದಾರಿ ಕಿನ್ನಾಳದವರದ್ದು. ಗದಗ ದಾಟಿ ಕೊಪ್ಪಳಕ್ಕೆ ಹೋದರೆ ಹತ್ತಿರದಲ್ಲೇ ಕಿನ್ನಾಳ. ಅಲ್ಲಿನ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ, ದೇವರು ಮಾಡುತ್ತಾರೆ, ಜಿಐ ಟ್ಯಾಗ್ ಕೂಡ ಇದೆ. ಮರದ ತುಂಡುಗಳನ್ನು ಜೋಡಿಸಲು ಅವರು ಬಳಸುವುದು ಕಿಟ್ಟ. ಗೋಣಿ ನಾರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನ ಜೊತೆ ಕಲಸಿದ್ದು. ನಾನು ಮರದ ಹೊಟ್ಟಿನ ಬದಲು ಮೂರ್ತಿಯ ಮಣ್ಣಿನ ಪುಡಿ ಮತ್ತು ಕಾಗದದ ತಿರುಳು ಹಾಕುತ್ತೇನೆ, ಅಷ್ಟೇ ವ್ಯತ್ಯಾಸ.

ರಾತ್ರಿ: ಅಂಟು ಮತ್ತು ಕಿಟ್ಟ

ಹುಣಸೆ ಬೀಜದ ಅಂಟನ್ನು ಮೊದಲಿನಿಂದ ಮಾಡುತ್ತೇನೆ ಅಂದರೆ ಒಂದು ರಾತ್ರಿ ಸಾಲುವುದಿಲ್ಲ. ಬೀಜ ಹುರಿದು, ಕಂದು ಸಿಪ್ಪೆ ತೆಗೆದು, ನೆನೆಸಿ ರುಬ್ಬಬೇಕು. ನನ್ನ ಹತ್ತಿರ ಬೀಸಿದ ಹಿಟ್ಟು ಯಾವಾಗಲೂ ಡಬ್ಬಿಯಲ್ಲಿ ಇರುತ್ತದೆ. ಒಂದು ಚಮಚ ಹಿಟ್ಟಿಗೆ ಹತ್ತು ಚಮಚ ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕದಡಬೇಕು, ಬಿಸಿ ನೀರಿಗೆ ನೇರ ಹಾಕಿದರೆ ಗಂಟು ಬಿಡುವುದೇ ಇಲ್ಲ. ಸಣ್ಣ ಉರಿಯಲ್ಲಿ ಕೈಬಿಡದೆ ಕಲಕಿ. ಬಿಳಿ ನೀರು ಹೋಗಿ, ಕಡ್ಡಿಯಿಂದ ಎತ್ತಿದಾಗ ಎಳೆ ಬರುವ ಹದಕ್ಕೆ ಬಂದರೆ ಆಯಿತು. ಹೀಗೆ ಮಾಡಿದ್ದನ್ನು ಎರಡು ಪಾಲು ಮಾಡಿ, ಒಂದಕ್ಕೆ ಇನ್ನಷ್ಟು ನೀರು ಸೇರಿಸಿ ತೆಳ್ಳಗೆ ಮಾಡಿಟ್ಟೆ.

ಹಳೇ ಮಂದಿ ಅಂಟಿಗೆ ಹುಳ ಹತ್ತದಿರಲಿ ಅಂತ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಪುಸ್ತಕ ಕಟ್ಟುವವರೂ ಮೈದಾ ಅಂಟಿಗೆ ಹಾಕುತ್ತಿದ್ದರು. ನಾನು ಹಾಕಲಿಲ್ಲ. ಅದು ತಾಮ್ರದ ವಿಷ, ನೀರಿಗೆ ಹೋಗುವ ಮೂರ್ತಿಗೆ ಯಾಕೆ? ಏಳು ದಿನದಲ್ಲಿ ಯಾವ ಹುಳ ತಿನ್ನುತ್ತದೆ.

ಕಿಟ್ಟಕ್ಕೆ ಗೋಣಿಚೀಲದ ಅಂಚು ಬಿಚ್ಚಿ ಎಳೆಗಳನ್ನು ಕತ್ತರಿಯಿಂದ ಸಣ್ಣಗೆ ಕತ್ತರಿಸಿದೆ, ಅಕ್ಕಿ ಕಾಳಿನ ಉದ್ದಕ್ಕಿಂತ ಜಾಸ್ತಿ ಬೇಡ. ಒಂದು ಮೊಟ್ಟೆ ಟ್ರೇ ಅರ್ಧ ನೆನೆಸಿ ಹಿಂಡಿ ತಿರುಳು ಮಾಡಿದೆ. ಸೋಸಿದ ಮಣ್ಣಿನ ಪುಡಿ, ತಿರುಳು, ನಾರು, ದಪ್ಪ ಅಂಟು. ಚಪಾತಿ ಕಣಕಕ್ಕಿಂತ ಬಿಗಿ ಇರಬೇಕು. ಕೈಗೆ ಅಂಟಿದರೆ ನೀರು ಜಾಸ್ತಿ ಆಗಿದೆ, ಇನ್ನಷ್ಟು ಪುಡಿ ಹಾಕಿ.

ಈ ಹೊತ್ತಿಗೆ ಹುಡುಗರಿಗೆ ಹಸಿವಾಗಿತ್ತು. ಇಬ್ಬರನ್ನು ಇಟ್ಟುಕೊಂಡು ಉಳಿದವರನ್ನು ಕಳಿಸಿಬಿಟ್ಟೆ. ಹತ್ತು ಜನ ಸುಮ್ನೆ ನಿಂತು ನೋಡಿದರೆ ಯಾವ ಕೆಲಸವೂ ಆಗುವುದಿಲ್ಲ. ಉಳಿದ ಇಬ್ಬರಲ್ಲಿ ಒಬ್ಬ ಮಣ್ಣಿಗೆ ಹೊಸಬನಲ್ಲ ಅಂತ ಅವನು ಕಿಟ್ಟ ನಾದುವುದು ನೋಡಿಯೇ ಗೊತ್ತಾಯಿತು. ಕೇಳಿದರೆ, ಅವರ ಮನೆಯಲ್ಲಿ ಮಣ್ಣೆತ್ತು, ಗುಳ್ಳವ್ವ, ನಾಗಪ್ಪ ಎಲ್ಲಾ ಮನೆಯಲ್ಲೇ ಮಾಡುತ್ತಾರಂತೆ. ನಮ್ಮ ಕಡೆ ಮಳೆಗಾಲ ಪೂರ್ತಿ ಮಣ್ಣಿನದೇ ಪೂಜೆ ಅಲ್ವಾ, ಮಣ್ಣೆತ್ತಿನ ಅಮಾವಾಸ್ಯೆಯಿಂದ ಹಿಡಿದು ಗಣಪ್ಪ ಹೋದ ಮೇಲೆ ಬರುವ ಜೋಕುಮಾರನವರೆಗೆ.

ಕೈ ಜೋಡಿಸುವುದು

ಒಳಗೆ ಕಡ್ಡಿ ಇಲ್ಲದೆ ಕೈ ನಿಲ್ಲುವುದಿಲ್ಲ. ಮುಂದೆ ಚಾಚಿದ ಕೈ, ಭಾರ ಪೂರ್ತಿ ಜೋಡಿಯ ಮೇಲೆ ಬೀಳುತ್ತದೆ. ಕಬ್ಬಿಣದ ತಂತಿ ಹಾಕಬಾರದು. ಒಳಗಿನ ಹಸಿಗೆ ತುಕ್ಕು ಹಿಡಿದು ಕಂದು ಕಲೆ ಹೊರಗೆ ಬರುತ್ತದೆ, ನೀರಿನಲ್ಲೂ ಉಳಿಯುತ್ತದೆ. ಬಿದಿರು ಸರಿ. ಮೇದಾರರ ಹಳೆಯ ಬುಟ್ಟಿಯ ಒಂದು ದಬ್ಬೆ ಸೀಳಿ, ಪೆನ್ಸಿಲ್‌ಗಿಂತ ತೆಳ್ಳಗೆ ಎರಡು ಕಡ್ಡಿ ಹೆರೆದೆ. ಎರಡೇ ಯಾಕೆ ಅಂದರೆ, ಒಂದೇ ಕಡ್ಡಿ ಇದ್ದರೆ ಅಂಗೈ ಅದರ ಸುತ್ತ ತಿರುಗುತ್ತದೆ. ಆಶೀರ್ವಾದದ ಕೈ ಮಂಟಪದಲ್ಲಿ ಅಡ್ಡ ತಿರುಗಿದರೆ ನೋಡುವವರು ಏನಂದಾರು.

ತೂತು ಕೊರೆಯಲು ಡ್ರಿಲ್ ಮಷಿನ್ ಬಳಸಲಿಲ್ಲ, ಅದರ ನಡುಕಕ್ಕೆ ಇರುವುದೂ ಉದುರುತ್ತದೆ. ಡ್ರಿಲ್ ಬಿಟ್ ಅನ್ನು ಬೆರಳಲ್ಲೇ ಹಿಡಿದು ತಿರುಗಿಸಿದೆ. ತೋಳಿನ ಕಡೆ ಎರಡು ತೂತು ಕೊರೆದ ಮೇಲೆ ಅಂಗೈಯಲ್ಲಿ ಸರಿಯಾಗಿ ಅದೇ ಜಾಗ ಹುಡುಕಬೇಕು. ಇದಕ್ಕೆ ಕುಂಕುಮ. ಮೊಂಡು ಕಡ್ಡಿ ಎರಡನ್ನು ತೂತಿನಲ್ಲಿಟ್ಟು, ತುದಿಗೆ ಒದ್ದೆ ಕುಂಕುಮ ತಾಗಿಸಿ, ಅಂಗೈ ತುಂಡನ್ನು ಮುರಿದ ಗೆರೆಗೆ ಸರಿಯಾಗಿ ಒತ್ತಿ ತೆಗೆದೆ. ಅಂಗೈ ಕಡೆ ಎರಡು ಕೆಂಪು ಚುಕ್ಕೆ. ಅಲ್ಲೇ ಕೊರೆದೆ. ತೂತು ಕಡ್ಡಿಗಿಂತ ಒಂದು ಚೂರು ದೊಡ್ಡದಿರಲಿ, ಬಿದಿರು ಅಂಟಿನ ನೀರು ಕುಡಿದು ಉಬ್ಬುತ್ತದೆ, ಬಿಗಿ ಇದ್ದರೆ ಮಣ್ಣು ಸೀಳುತ್ತದೆ.

ಜೋಡಿಸುವ ಮೊದಲು ಎರಡೂ ಬಾಯಿಗೆ ತೆಳ್ಳನೆಯ ಅಂಟು ಬ್ರಷ್‌ನಲ್ಲಿ ಹಚ್ಚಿ ಬಿಟ್ಟೆ. ಮೊದಲ ಸಲ ಹಚ್ಚಿದ್ದು ನೋಡನೋಡುತ್ತಲೇ ಮಾಯ. ಹೊಳಪು ನಿಲ್ಲುವವರೆಗೆ ಹಚ್ಚುತ್ತಾ ಹೋಗಬೇಕು. ಹೊಳಪು ನಿಂತರೆ ಮಣ್ಣಿನ ಬಾಯಾರಿಕೆ ತೀರಿದೆ ಅಂತ ಅರ್ಥ, ಇನ್ನು ದಪ್ಪ ಅಂಟು ಹಾಕಿದರೆ ಅದು ಜೋಡಿಯಲ್ಲೇ ಉಳಿಯುತ್ತದೆ. ಈ ಹಂತ ಬಿಟ್ಟರೆ ಮಿಕ್ಕಿದ್ದೆಲ್ಲಾ ದಂಡ. ಆಮೇಲೆ ಕಡ್ಡಿಗೆ ದಪ್ಪ ಅಂಟು, ಬಾಯಿಗೆ ತೆಳ್ಳಗೆ ಒಂದು ಪದರ ಕಿಟ್ಟ, ಕೂರಿಸಿ ಒತ್ತಿದೆ. ಅಂಚಿನಲ್ಲಿ ಉಕ್ಕಿದ್ದನ್ನು ಒಣ ಅರಿವೆಯಲ್ಲಿ ತೆಗೆದೆ. ಕೈಕೆಳಗೆ ಜೋಳದ ಚೀಲ ಇಟ್ಟೆ. ಕಾಳು ತಾನೇ ಸರಿದು ಕೈಯ ಆಕಾರಕ್ಕೆ ಕೂರುತ್ತದೆ, ಎಲ್ಲೂ ಒಂದೇ ಕಡೆ ಭಾರ ಬೀಳುವುದಿಲ್ಲ. ಇಟ್ಟಿಗೆ, ಪುಸ್ತಕ ಏನಿಟ್ಟರೂ ಹೀಗೆ ಕೂರುವುದಿಲ್ಲ.

ಹೆಬ್ಬೆರಳಿಗೆ ಅಗರಬತ್ತಿಯ ಕಡ್ಡಿ ಸಾಕಾಯಿತು. ಹೋದ ಎರಡು ಬೆರಳ ತುದಿಗೂ ಅದೇ ಕಡ್ಡಿ ಚುಚ್ಚಿ ಅದರ ಮೇಲೆ ಕಿಟ್ಟ ಕಟ್ಟಿದೆ. ಒಂದೇ ಸಲ ಪೂರ್ತಿ ದಪ್ಪ ಕಟ್ಟಬೇಡಿ. ತೆಳ್ಳಗೆ ಒಂದು, ಅದು ಬಿಗಿದ ಮೇಲೆ ಇನ್ನೊಂದು. ಉಗುರು ಮಾತ್ರ ಕೊನೆಗೆ, ಬಿದಿರಿನ ಚಕ್ಕೆಯಿಂದ ಗೀರಿದ್ದು.

ಸೊಂಡಿಲು

ಸಣ್ಣ ಬಿರುಕು, ಆದರೆ ನನಗೆ ಹೆದರಿಕೆ ಹುಟ್ಟಿಸಿದ್ದು ಇದೇ. ಕೈ ಮುರಿದದ್ದು ಕಣ್ಣಿಗೆ ಕಾಣುತ್ತದೆ, ಬಿರುಕು ಎಲ್ಲಿಯವರೆಗೆ ಹೋಗಿದೆ ಅಂತ ಕಾಣುವುದಿಲ್ಲ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ಕೇಳಿದೆ. ಗಟ್ಟಿ ಇರುವ ಕಡೆ ಟಕ್ ಅನ್ನುತ್ತದೆ, ಬಿಟ್ಟಿರುವ ಕಡೆ ಸದ್ದು ಟೊಳ್ಳಾಗುತ್ತದೆ. ಹೊರಗಿನ ಪದರದಲ್ಲೇ ನಿಂತಿತ್ತು, ಪುಣ್ಯ.

ಬಿರುಕನ್ನು ಹಾಗೇ ಮುಚ್ಚಲು ಹೋದರೆ ಮೇಲೆ ಮೇಲೆ ಮುಚ್ಚುತ್ತದೆ, ಒಣಗಿದ ಮೇಲೆ ಅದೇ ಗೆರೆ ಮತ್ತೆ ಬರುತ್ತದೆ. ಮೊದಲು ಅಗಲ ಮಾಡಬೇಕು. ಗೋಣಿ ಹೊಲಿಯುವ ದಬ್ಬಣದ ತುದಿಯಿಂದ ಗೆರೆಯ ಉದ್ದಕ್ಕೂ ಸಣ್ಣ ಕಾಲುವೆ ತೆಗೆದೆ. ಪಕ್ಕದಲ್ಲಿದ್ದ ಹುಡುಗ "ಅಯ್ಯೋ ಸರ" ಅಂತ ಕಣ್ಣು ಮುಚ್ಚಿಕೊಂಡ. ಮೆಡಿಕಲ್ ಶಾಪಿನ ಸಿರಿಂಜ್‌ನಲ್ಲಿ ತೆಳ್ಳನೆಯ ಅಂಟು ತುಂಬಿ ಒಳಗೆ ಬಿಟ್ಟೆ, ಅದು ಇಳಿದ ಮೇಲೆ ನಾರಿಲ್ಲದ, ಬರೀ ಮಣ್ಣಿನ ಪುಡಿ ಮತ್ತು ತಿರುಳಿನ ನುಣುಪು ಕಿಟ್ಟ ತುಂಬಿದೆ. ಒಂದು ಚೂರು ಉಬ್ಬಿರುವ ಹಾಗೆ ಬಿಟ್ಟೆ, ಕುಗ್ಗಿದಾಗ ಸಮ ಬರುತ್ತದೆ, ಉಳಿದದ್ದು ಉಜ್ಜಿದರೆ ಹೋಗುತ್ತದೆ.

ಕರೆಂಟ್ ಹೋಯಿತು

ಹೋಗದಿದ್ದರೆ ಅದು ಚೌತಿಯ ರಾತ್ರಿಯೇ ಅಲ್ಲ. ಫ್ಯಾನ್ ನಿಂತಿತು, ಹೊರಗೆ ಮಳೆ. ಒಳಗಿನ ಗಾಳಿಯಲ್ಲೇ ನೀರು, ಕಿಟ್ಟ ಒಣಗುವ ಮಾತೇ ಇಲ್ಲ. ಅವ್ವನ ಕಾಲದ ಶೇಗಡಿ ಇತ್ತು, ಇದ್ದಿಲು ಹಾಕಿ ಹೊರಗೆ ಜಗಲಿ ಮೇಲೆ ಹೊತ್ತಿಸಿ, ಹೊಗೆ ಪೂರ್ತಿ ಹೋಗಿ ಕೆಂಡ ಆದ ಮೇಲೆ ಒಳಗೆ ತಂದು ಮೂರ್ತಿಯಿಂದ ನಾಲ್ಕು ಅಡಿ ದೂರ ಇಟ್ಟೆ. ಇದನ್ನು ಮಾಡುವವರಿಗೆ ಒಂದು ಮಾತು: ಬಾಗಿಲು, ಕಿಟಕಿ ತೆರೆದಿರಲೇಬೇಕು. ಇದ್ದಿಲಿನ ವಿಷಗಾಳಿಗೆ ವಾಸನೆ ಇರುವುದಿಲ್ಲ, ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳುವುದಿಲ್ಲ. ಬಿಸಿಗಿಂತ ಗಾಳಿ ಆಡುವುದೇ ಮುಖ್ಯ, ಹಾಗಾಗಿ ಬಾಗಿಲು ತೆರೆದಿದ್ದರೆ ಎರಡೂ ಕೆಲಸ ಆಗುತ್ತದೆ. ಹುಡುಗರು ಸರದಿ ಮೇಲೆ ರಟ್ಟಿನಿಂದ ಬೀಸಿದರು, ಬೀಸುತ್ತಾ ಮಂಡಳಿಯ ಚಂದಾ ಲೆಕ್ಕದ ಜಗಳ ಪೂರ್ತಿ ನನಗೆ ಕೇಳಿಸಿದರು.

ಕರೆಂಟ್ ಬಂದಾಗ ಅಂಗೈ ಮತ್ತೆ ಕೆನ್ನೆಗೆ ಇಟ್ಟು ನೋಡಿದೆ, ಅಂದರೆ ಈ ಸಲ ಕೆನ್ನೆಯನ್ನೇ ಅಂಗೈಗೆ ಒಯ್ದೆ. ಅಂಗೈ ಬೆಚ್ಚಗಿತ್ತು, ಜೋಡಿಯ ಸುತ್ತ ಮಾತ್ರ ಸ್ವಲ್ಪ ತಣ್ಣಗೆ. ಬಣ್ಣಕ್ಕೆ ಅಷ್ಟು ಸಾಕು.

ಬೆಳಗಿನ ಜಾವ: ಬಣ್ಣ

ಜೋಡಿಯ ಗೆರೆ ಉಜ್ಜಿದ ಮೇಲೂ ಬೆರಳಿಗೆ ಸಿಗುತ್ತಿತ್ತು. ಕಣ್ಣಿಗೂ ಸಿಗುತ್ತದೆ. ಇನ್ನೂ ಉಜ್ಜುತ್ತಾ ಕೂತರೆ ಜೋಡಿ ತೆಳ್ಳಗಾಗುತ್ತದೆ. ಗೋಣಿಯ ಒಂದು ಇಂಚು ಪಟ್ಟಿಯನ್ನು ಅಂಟಿನಲ್ಲಿ ಅದ್ದಿ ಗೆರೆಯ ಮೇಲೆ ಸುತ್ತಿ, ಅದರ ಮೇಲೆ ಅಗಲವಾದ ಕಡಗ ಮಾಡಿಬಿಟ್ಟೆ. ಮೆಹಂದಿ ಕೋನ್ ಥರ ಪ್ಲಾಸ್ಟಿಕ್ ಸುತ್ತಿ, ಸೀಮೆಸುಣ್ಣದ ಪುಡಿ ಮತ್ತು ಅಂಟಿನ ಮುದ್ದೆ ತುಂಬಿ, ಮುತ್ತಿನ ಸಾಲು ಒತ್ತಿದೆ. ಜೋಡಿಗೆ ಬಲವೂ ಆಯಿತು, ಭಟ್ಟರು ಹೇಳಿದ ಹಾಗೆ ಕಾಣುವುದೂ ಇಲ್ಲ. ಒಂದು ಕೈಗೆ ಹಾಕಿದ ಮೇಲೆ ಉಳಿದ ಮೂರಕ್ಕೂ ಬೇಕಲ್ಲ. ದೇವರಿಗೆ ನಾಲ್ಕು ಕೈ ಕೊಟ್ಟವರ ಮೇಲೆ ಆ ಹೊತ್ತಿನಲ್ಲಿ ಸಿಟ್ಟು ಬಂತು.

ಭುಜ ಅಷ್ಟೊತ್ತಿಗೆ ಒಣಗಿತ್ತು. ಬಣ್ಣ ಹರಿದ ಕಡೆ ಮಣ್ಣು ಮರಳು ಮರಳಾಗಿತ್ತು. 220 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಕೈ ಹಗುರ ಮಾಡಿ ಉಜ್ಜಿ, ತೆಳ್ಳನೆಯ ಅಂಟು ಒಂದು ಕೈ, ಸೀಮೆಸುಣ್ಣದ ಬಿಳಿ ಎರಡು ಕೈ. ಹೊಸದಾಗಿ ಕಟ್ಟಿದ ಬೆರಳುಗಳಿಗೂ, ಸೊಂಡಿಲಿನ ಗೆರೆಗೂ ಅದೇ ಬಿಳಿ.

ಮೈಬಣ್ಣ ಹೊಂದಿಸುವಾಗ ಆ ಚಕ್ಕೆಗಳು ಕೆಲಸಕ್ಕೆ ಬಂದವು. ನೀರಿನ ಬಣ್ಣ ಹಸಿ ಇದ್ದಾಗ ಗಾಢ, ಒಣಗಿದರೆ ತಿಳಿ. ಬ್ರಷ್‌ನಲ್ಲಿ ಇರುವುದನ್ನು ಮೂರ್ತಿಯ ಜೊತೆ ಹೋಲಿಸಿದರೆ ಯಾವತ್ತೂ ಮೋಸವೇ. ಹಳೆಯ ಬಣ್ಣ ಇರುವ ಚಕ್ಕೆಯ ಅರ್ಧಕ್ಕೆ ಹೊಸ ಬಣ್ಣ ಹಚ್ಚಿ, ಶೇಗಡಿ ಹತ್ತಿರ ಹಿಡಿದು ಒಣಗಿಸಿ, ಆಮೇಲೆ ನೋಡುವುದು. ಬಿಳಿ, ಹಳದಿ, ಒಂದು ಚಿಟಿಕೆ ಕಾವಿ. ಎರಡು ಅರ್ಧದ ನಡುವಿನ ಗೆರೆ ಕಾಣದಾದಾಗ ಬಣ್ಣ ಸರಿ.

ಇನ್ನೊಂದು ವಿಷಯ. ಹಾಳಾದಷ್ಟಕ್ಕೇ ತೇಪೆ ಹಚ್ಚಬೇಡಿ. ಬಣ್ಣ ಎಷ್ಟೇ ಹೊಂದಿಸಿದರೂ ನಟ್ಟನಡುವೆ ನಿಲ್ಲಿಸಿದ ಅಂಚು ಕಾಣುತ್ತದೆ. ಆಕಾರ ಎಲ್ಲಿ ಮುಗಿಯುತ್ತದೋ ಅಲ್ಲಿಯವರೆಗೆ ಒಯ್ಯಿರಿ. ಅಂಗೈ ಪೂರ್ತಿ, ಕಡಗದವರೆಗೆ. ಶಲ್ಯ ಪೂರ್ತಿ, ಸರದ ಅಂಚಿನವರೆಗೆ. ಸೊಂಡಿಲಿಗೆ ಮಾತ್ರ ಅಂಥ ಅಂಚು ಇರಲಿಲ್ಲ, ಅಲ್ಲಿ ಎರಡು ಅಡ್ಡ ಮಡಿಕೆಯ ಗೆರೆ ಹೊಸದಾಗಿ ಬರೆದೆ. ಆನೆಗೆ ಅಲ್ಲಿ ಮಡಿಕೆ ಇದ್ದೇ ಇರುತ್ತದೆ.

ಎರಡನೆಯ ಸಲ ಟೆಂಪೋ

ಈ ಸಲ ನಾನೇ ಕೂತೆ. ತಳಕ್ಕೆ ಹುಲ್ಲು, ಅದರ ಮೇಲೆ ಅರ್ಧ ಗಾಳಿಯ ಲಾರಿ ಟ್ಯೂಬ್, ಅದರ ಮೇಲೆ ಮೂರ್ತಿಯ ಮಣೆ. ಕೈಯನ್ನು ಹತ್ತಿ ಇಟ್ಟು ಅಗಲ ಪಂಚೆಯಲ್ಲಿ ಕುತ್ತಿಗೆಗೆ ತೂಗು ಹಾಕಿ ಕಟ್ಟಿದೆವು. ಧಾರವಾಡದಿಂದ ಹುಬ್ಬಳ್ಳಿ ಇಪ್ಪತ್ತು ಕಿಲೋಮೀಟರ್, ದೊಡ್ಡ ರಸ್ತೆಯಲ್ಲಿ ಏನೂ ತೊಂದರೆ ಇಲ್ಲ, ತೊಂದರೆ ಇರುವುದು ಎರಡೂ ತುದಿಯ ಓಣಿಗಳಲ್ಲಿ. ನವನಗರ ದಾಟುವಾಗ ಬೈಕಿನಲ್ಲಿ ಬಂದ ಒಬ್ಬರು ಗಣಪ್ಪನ ಕೊರಳಿನ ಜೋಳಿಗೆ ನೋಡಿ "ಏನಾತ್ರೀ, ಆಕ್ಸಿಡೆಂಟ್ ಆತೇನ್ರಿ?" ಅಂದರು. ಹುಡುಗರು ನಕ್ಕಿದ್ದಕ್ಕೆ ಡ್ರೈವರ್ ತಿರುಗಿ ನೋಡಿದ, ಮುಂದೆ ನೋಡೋ ಮಾರಾಯಾ ಅಂತ ಬೈಯಬೇಕಾಯಿತು.

ಮಧ್ಯಾಹ್ನಕ್ಕೆ ಮೊದಲೇ ಪೂಜೆ ಆಯಿತು. ಹಿರಿಯರು ಕೈ ಹತ್ತಿರ ಹೋಗಿ ಕನ್ನಡಕ ತೆಗೆದು ಹಾಕಿ ನೋಡಿದರು, ಏನೂ ಅನ್ನಲಿಲ್ಲ. ನನಗೆ ಕಾಣುತ್ತಿದ್ದದ್ದು ಒಂದೇ: ಉಂಗುರ ಬೆರಳು ಮೊದಲಿಗಿಂತ ತುಸು ದಪ್ಪ ಬಂದಿದೆ.

ವಿಸರ್ಜನೆಗೆ ನಾನು ಹೋಗಿರಲಿಲ್ಲ, ಆದರೆ ಕರಗಿತೋ ಇಲ್ಲವೋ ಗೊತ್ತಾಗಬೇಕಲ್ಲ. ಉಳಿದ ಚೂರುಗಳಲ್ಲಿ ಎರಡನ್ನು ಬಿದಿರಿನ ಕಡ್ಡಿ ಇಟ್ಟು ಕಿಟ್ಟದಿಂದ, ಎರಡನ್ನು ಎಂ-ಸೀಲ್‌ನಿಂದ ಜೋಡಿಸಿ ಒಣಗಿಸಿ, ಎರಡು ಬಕೆಟ್‌ನಲ್ಲಿ ಹಾಕಿದ್ದೆ. ಒಣ ಮಣ್ಣು ನೀರಿಗೆ ಬಿದ್ದ ಕೂಡಲೇ ಗುಳ್ಳೆ ಬಿಡುತ್ತಾ ಅಂಚಿನಿಂದ ಕುಸಿಯಲು ಶುರುವಾಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ಎರಡೂ ಬಕೆಟ್‌ನಲ್ಲಿ ಮಣ್ಣು ತಳಕ್ಕೆ ಇಳಿದಿತ್ತು. ಕಿಟ್ಟದ ಜೋಡಿ ಸ್ವಲ್ಪ ಹಟ ಹಿಡಿಯಿತು, ಮರುದಿನ ಬೆರಳಿಂದ ಮುಟ್ಟಿದಾಗ ಅಂಬಲಿ. ಗೋಣಿ ನಾರು, ಬಿದಿರಿನ ಚೂರು ಅಷ್ಟೇ ಕೈಗೆ ಸಿಕ್ಕಿದ್ದು. ಇನ್ನೊಂದು ಬಕೆಟ್‌ನಲ್ಲಿ ಎಂ-ಸೀಲ್ ಹಾಗೇ ಇತ್ತು, ಅದರ ಮೇಲೆ ನನ್ನ ಬೆರಳಿನ ಗುರುತೂ ಹಾಗೇ. ಬಿದಿರು ತೇಲುತ್ತದೆ, ವಿಸರ್ಜನೆ ಮಾಡುವವರು ಅದನ್ನು ಎತ್ತಿ ಹಾಕಿದರೆ ಒಳ್ಳೆಯದು ಅಂತ ಮಂಡಳಿಯವರಿಗೆ ಮೊದಲೇ ಹೇಳಿದ್ದೆ.

ಮುಂದಿನ ವರ್ಷಕ್ಕೆ ನಾಲ್ಕು ಅಡಿ ಬೇಕಂತೆ, ಆಗಲೇ ಫೋನ್ ಬಂದಿದೆ. ಮುಂದಿನ ಎರಡು ಕೈಗಳನ್ನು ಬೇರೆ ಮಾಡಿ, ಬಿದಿರಿನ ಕಡ್ಡಿ ಸಮೇತ ಪೆಟ್ಟಿಗೆಯಲ್ಲಿ ಒಯ್ದು, ಮಂಟಪದಲ್ಲೇ ಕಿಟ್ಟ ಹಾಕಿ ಕೂರಿಸುವ ಯೋಚನೆ ಇದೆ. ಕಡಗ ಹೇಗೂ ಬರುತ್ತದೆ. ಅದಕ್ಕೆ ಹಿಂದಿನ ದಿನವೇ ಮೂರ್ತಿ ಅಲ್ಲಿ ಇರಬೇಕು, ಮಂಟಪದ ಪತ್ರಾಸು ಸೋರಬಾರದು ಅಂದಿದ್ದೇನೆ. ನೋಡೋಣ ಅಂದಿದ್ದಾರೆ.